ಹುಳುಮನೆಯ ಚಿಲಕ: ತುಕ್ಕು ಬೇರೆ, ಏಟು ಬೇರೆ

"ನನ್ನ ಅಂಗಡೀಲಿ ಇದಕ್ಕೆ ಯಾವ ಕಾಯಿಲೇನೂ ಇಲ್ಲ ಮೇಡಂ. ಆ ಮನೆಗೆ ಹೋದ್ರೆ ಮಾತ್ರ ಸಾಯ್ತದೆ."

ಅಮೃತೇಶ್ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಬೋರಲು ಹಾಕಿ ಹೀಗೆಂದಾಗ ವಿಶಾಲಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ನಂಜನಗೂಡಿನ ರಾಷ್ಟ್ರಪತಿ ರಸ್ತೆಯ ಆ ರಿಪೇರಿ ಅಂಗಡಿಯಲ್ಲಿ ಇಬ್ಬರು ಕೂತರೆ ಮೂರನೆಯವರು ನಿಂತೇ ಇರಬೇಕು. ನಿಂತಿದ್ದವಳು ಪಲ್ಲವಿ. ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಹುಡುಗಿ, ಬೆಳಿಗ್ಗೆಯಿಂದ ಒಂದು ಲೋಟ ಟೀ ಕೂಡ ಕುಡಿದಿರಲಿಲ್ಲ.

ವಿಶಾಲಮ್ಮ ಪೊಲೀಸ್ ಇಲಾಖೆಯಿಂದ ಎಎಸ್ಐ ಆಗಿ ನಿವೃತ್ತಿಯಾದವಳು. ನೌಕರಿಗೆ ನಿವೃತ್ತಿ ಸಿಕ್ಕಿತ್ತು, ಅನುಮಾನಕ್ಕೆ ಸಿಕ್ಕಿರಲಿಲ್ಲ. ಹಾಲಿನವನು ಒಂದು ದಿನ ಬೇಗ ಬಂದರೂ ಯಾಕೆ ಎಂದು ಕೇಳುವ ಹೆಂಗಸು. ಅಪ್ಪನನ್ನು ಬಿಡಿಸಿಕೊಡಿ ಎಂದು ಪಲ್ಲವಿ ಬಂದು ಕೇಳಿದ್ದರಿಂದ ಈ ಕೇಸಿಗೆ ಕೈ ಹಾಕಿದ್ದಳು.

ನಾಳೆ ನರಸೀಪುರದ ಕೋರ್ಟಿನಲ್ಲಿ ಪಲ್ಲವಿಯ ಅಪ್ಪ, ದೇವನೂರಿನ ಚೆಲುವಯ್ಯನ ಜಾಮೀನು ಅರ್ಜಿ ಬರಲಿತ್ತು. ಹೊಸ ಹುಳು ತರುವ ಮುಂಚೆ ರೋಗಾಣು ಸಾಯಲೆಂದು ವಿಷದ ಔಷಧಿ ಹೊಡೆದು ಮುಚ್ಚಿದ್ದ ರೇಷ್ಮೆ ಹುಳುಮನೆಯೊಳಗೆ ಮಾಲೀಕ ಸೋಮಶೇಖರನ ತಮ್ಮ ಮಹದೇವ ಸತ್ತು ಬಿದ್ದಿದ್ದ. ಹೊರಗಿನಿಂದ ಚಿಲಕ ಹಾಕಿದವನು ಆಳು ಚೆಲುವಯ್ಯನೇ ಎಂದು ಕೇಸು. ಹುಳುಮನೆಯ ಬಾಗಿಲಿಗೆ ಒಂದು ಕ್ಯಾಮರಾ ಇತ್ತು. ಅದು ಬರೀ ತೋರಿಕೆಗೆ, ಏನೂ ರೆಕಾರ್ಡ್ ಆಗೋದಿಲ್ಲ ಎಂದು ಮನೆಯವರು ಪೊಲೀಸರಿಗೆ ಹೇಳಿದ್ದರು. ರೆಕಾರ್ಡ್ ಆಗುತ್ತಿತ್ತು, ಈ ಲ್ಯಾಪ್‌ಟಾಪಿನಲ್ಲಿ ಬಂದು ಕೂರುತ್ತಿತ್ತು ಎಂದು ಬಾಯಿ ಬಿಟ್ಟವಳು ಮಹದೇವನ ಹೆಂಡತಿ ರಮ್ಯ. ಗಂಡ ಸತ್ತ ಮೇಲೆ ಲ್ಯಾಪ್‌ಟಾಪ್ ಸಮೇತ ಹೆಮ್ಮರಗಾಲದ ತವರಿಗೆ ಬಂದಿದ್ದ ಅವಳು, ನಿನ್ನೆ ಅದನ್ನು ವಿಶಾಲಮ್ಮನ ಮಡಿಲಿಗೆ ಹಾಕಿದ್ದಳು. "ಆನ್ ಆದ್ರೆ ನಿಮ್ಮ ಪುಣ್ಯ" ಎಂದಿದ್ದಳು.

ಆನ್ ಆಗಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಹಾರ್ಡ್ ಡಿಸ್ಕ್ ಎರರ್ ಎಂದು ಬಂದು ನಿಂತಿತು.

"ರಮ್ಯ ಮೇಡಂ ಹಿಂದೆಯೂ ತಂದಿದ್ರು," ಎಂದ ಅಮೃತೇಶ್. "ಮೊದಲ್ನೇ ಸಲ ಡಿಸ್ಕ್ ಚೆಕ್ ಓಡಿಸಿದೆ, ಎಲ್ಲ ಸರಿ ಅಂತ ಬಂತು. ಕಳಿಸ್ದೆ. ಮನೆಗೆ ಹೋಗ್ತಿದ್ದಂಗೆ ಮತ್ತೆ ಎರರ್. ಎರಡ್ನೇ ಸಲ ಬಿಚ್ಚಿ, ಡಿಸ್ಕ್ ತೆಗೆದು, ಪಿನ್ ಒರೆಸಿ ಹಾಕ್ದೆ. ಇಲ್ಲಿ ದಿನವಿಡೀ ಹಾಡು ಹಾಕ್ಕೊಂಡು ಕೇಳಿದೀನಿ, ಮೇಡಂ, ಕೆಮ್ಮಲೂ ಇಲ್ಲ. ಮನೆಗೆ ಹೋದ್ಮೇಲೆ ಅದೇ ರಾಗ, ಒಂದು ದಿನ ಆನ್ ಆದ್ರೆ ಎರಡು ದಿನ ಇಲ್ಲ. ಹೊಸ ವಿಂಡೋಸ್ ಹಾಕ್ಬಿಡಿ ಅಂದ್ರು. ಇರೋದೆಲ್ಲ ಅಳಿಸಿ ಹೋಗ್ತದೆ, ಬೇಡ ಅಂದೆ."

"ಒಳ್ಳೇ ಕೆಲಸ ಮಾಡ್ದೆ."

"ಈಗ ಇದನ್ನ ನೋಡಿ."

ಅವನು ಡಿಸ್ಕನ್ನು ಹೊರಗೆ ಎಳೆದು, ಅದರ ಅಂಚಿನ ಪಿನ್ನುಗಳ ಮೇಲೆ ಟಾರ್ಚ್ ಬಿಟ್ಟ. ಚಿನ್ನದ ಬಣ್ಣದ ಸಣ್ಣ ಹಲ್ಲುಗಳ ಮೇಲೆ ಹಸಿರು ಬಿಳಿ ಪುಡಿ ಕೂತಿತ್ತು. ವಿಶಾಲಮ್ಮ ಬಗ್ಗಿ ಮೂಸಿ ನೋಡಿದಳು. ಅಮೃತೇಶನಿಗೆ ನಗು ಬಂತು, ಆದರೆ ಅವಳ ಮುಖ ನೋಡಿ ನುಂಗಿಕೊಂಡ.

"ಬ್ಲೀಚಿಂಗ್ ಪೌಡರ್," ಎಂದಳು ವಿಶಾಲಮ್ಮ.

"ಅದೇ. ಗಾಳೀಲಿ ಬಂದಿದ್ದಲ್ಲ, ನೀರಾಗಿ ಒಳಗೆ ಇಳಿದಿದೆ. ಒರೆಸಿ ಕಳಿಸ್ತೀನಿ, ಮತ್ತೆ ಇಳೀತದೆ. ಡಿಸ್ಕಿನ ಹೊಟ್ಟೆ ಚೆನ್ನಾಗಿದ್ರೂ ಬಾಯಿ ಕಟ್ಟಿದಂಗೆ. ಎರರ್ ಬರದೆ ಇನ್ನೇನು ಬತ್ತದೆ?"

ಪದೇ ಪದೇ ಯಾರೋ ಇದರೊಳಕ್ಕೆ ಬ್ಲೀಚಿಂಗ್ ನೀರು ಬಿಡುತ್ತಿದ್ದಾರೆ. ವಿಶಾಲಮ್ಮನ ಬೆನ್ನು ನೆಟ್ಟಗಾಯಿತು. ಆ ಮನೆಯಲ್ಲಿರುವವರು ಈಗ ಇಬ್ಬರೇ: ಸೋಮಶೇಖರ, ಅವನ ತಾಯಿ ಮಲ್ಲಾಜಮ್ಮ.

"ಇನ್ನೊಂದು ವಿಷ್ಯ ಇದೆ ಮೇಡಂ. ನಾನು ಬಿಚ್ಚಿ ಮುಚ್ಚಿದ ಮೇಲೆ ಮೂಲೇ ಸ್ಕ್ರೂ ಮೇಲೆ ಕೆಂಪು ನೈಲ್ ಪಾಲಿಶ್ ಚುಕ್ಕಿ ಇಡ್ತೀನಿ. ನಮ್ಮ ಮನೆಯವಳದ್ದು. ಗಿರಾಕಿ ಬೇರೆ ಕಡೆ ಬಿಚ್ಚಿಸಿ ಕೆಡಿಸ್ಕೊಂಡು ನನ್ನ ತಲೆ ಮೇಲೆ ಹಾಕಬಾರದಲ್ಲ, ಅದಕ್ಕೆ. ಈ ಸಲ ಚುಕ್ಕಿ ಒಡೆದಿತ್ತು. ಇಲ್ಲಿ ನೋಡಿ, ಡಿಸ್ಕಿನ ಮೂಲೆ ತಗ್ಗಾಗಿದೆ. ಯಾರೋ ಹೊರಗೆ ತೆಗೆದು ಕುಟ್ಟಿದಾರೆ, ಮತ್ತೆ ಒಳಗೆ ಹಾಕಿದಾರೆ."

"ಎರಡೂ ಒಬ್ಬರದೇ ಕೆಲಸಾನಾ?"

"ಅದು ನಿಮ್ಮ ಇಲಾಖೆ ಪ್ರಶ್ನೆ. ನನ್ನ ಲೆಕ್ಕದಲ್ಲಿ ತುಕ್ಕು ಬೇರೆ, ಏಟು ಬೇರೆ. ತುಕ್ಕು ತಿಂಗಳುಗಟ್ಲೆಯಿಂದ ಬರ್ತಾ ಇದೆ. ಏಟು ಬಿದ್ದಿರೋದು ಒಂದೇ ಸಲ, ಅದೂ ನಾನು ಮುಚ್ಚಿದ ಮೇಲೆ."

ಪಲ್ಲವಿ ಮೇಜಿನತ್ತ ಬಗ್ಗಿದಳು. "ಅಣ್ಣಾ, ಏಟು ಬಿದ್ದಿದ್ರೆ ಒಳಗಿರೋದು ಬತ್ತದಾ?" ಎಂದಳು.

"ಬರಬಹುದು ಕಣಮ್ಮ. ಹುಷಾರಾಗಿ ತೆಗೀಬೇಕು. ಒಳಗೊಂದು ತಟ್ಟೆ ತಿರುಗ್ತದೆ, ಅದರ ಮೇಲೆ ಓದೋ ಮುಳ್ಳು. ಏಟು ಬಿದ್ದ ಜಾಗದಲ್ಲಿ ಮುಳ್ಳು ಪದೇ ಪದೇ ಓಡಾಡಿದ್ರೆ ಇರೋದೂ ಗೀರಿ ಹೋಗ್ತದೆ."

ಅವನು ಪಿನ್ ಒರೆಸಿ, ಡಿಸ್ಕನ್ನು ಬೇರೊಂದು ಡಬ್ಬಿಗೆ ಸಿಕ್ಕಿಸಿ ತನ್ನ ಕಂಪ್ಯೂಟರಿಗೆ ಜೋಡಿಸಿದ. ಡಬ್ಬಿಯ ಸಣ್ಣ ದೀಪ ಮಿಟುಕಿತು. ರೆಕಾರ್ಡಿಂಗ್‌ಗಳು ತಾರೀಕಿನ ಪ್ರಕಾರ ಸಾಲಾಗಿ ಬಂದು ನಿಂತವು. ಮಹದೇವ ಸತ್ತ ದಿನದ್ದೂ ಅಲ್ಲಿತ್ತು. ಪಲ್ಲವಿ ಕೈ ಮುಗಿದಳು, ದೇವರಿಗೋ ಡಿಸ್ಕಿಗೋ ಅವಳಿಗೇ ಗೊತ್ತು.

ಕಾಪಿ ಆಮೆ ನಡಿಗೆಯಲ್ಲಿ ಶುರುವಾಯಿತು.

"ಅಮೃತೇಶ್, ನಿನ್ನತ್ರ ಹಳೇ ಖಾಲಿ ಡಿಸ್ಕ್ ಒಂದಿದ್ರೆ ಈ ಲ್ಯಾಪ್‌ಟಾಪಿಗೆ ಹಾಕಿ ಮುಚ್ಚಪ್ಪ. ಕೆಂಪು ಚುಕ್ಕಿ ಇಡೋದು ಮರೀಬೇಡ."

"ಯಾಕ್ ಮೇಡಂ?"

"ಆ ಮನೆಗೆ ಹೋಗ್ತಾ ಇದೀನಿ. ಬರಿಗೈಲಿ ಹೋಗೋದು ನಮ್ಮ ಕಡೆ ಪದ್ಧತಿ ಅಲ್ಲ."

ಹೊರಡುವಾಗ ಪಲ್ಲವಿ ಸ್ಕೂಟರಿನ ತನಕ ಬಂದಳು. "ನಮ್ಮಪ್ಪ ಬತ್ತಾರಾ ಮೇಡಂ?"

ನೌಕರಿಯಲ್ಲಿದ್ದಷ್ಟು ಕಾಲ ವಿಶಾಲಮ್ಮ ಯಾರಿಗೂ ಮಾತು ಕೊಟ್ಟವಳಲ್ಲ. ಆದರೆ ಚೆಲುವಯ್ಯನನ್ನು ಅವಳು ಜೈಲಿನಲ್ಲಿ ಕಂಡು ಬಂದಿದ್ದಳು. ಔಷಧಿ ಹೊಡೆದು, ಪಂಪು ತೊಳೆದಿಟ್ಟು, ಬಾಗಿಲು ಹಾಕೋದು ಸಣ್ ಯಜಮಾನ್ರು ಮಾದೇವಣ್ಣಂಗೆ ಬುಟ್ಟು ಬಸ್ಸಿಗೋದೆ ಕಣವ್ವ, ಆಮೇಲೆ ಆ ಕಡೆ ತಲೇನೂ ಹಾಕ್ಲಿಲ್ಲ ಎಂದು ಅವನು ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದ. ಊರೆಲ್ಲರನ್ನೂ ಅನುಮಾನಿಸುವ ವಿಶಾಲಮ್ಮ ಅವನೊಬ್ಬನನ್ನು ನಂಬಿದ್ದಳು. ಯಾಕೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.

"ಬತ್ತಾರೆ ಕಣಮ್ಮ. ನೀನು ಆ ಡಿಸ್ಕ್ ಹತ್ರಾನೇ ಕೂತಿರು. ಆ ಮನೆ ಕಡೆಯವರು ಯಾರು ಬಂದ್ರೂ ಮುಟ್ಟೋಕೆ ಬಿಡಬೇಡ."

ಹದಿನಾರು ಎಂಬ ಊರು ದಾಟಿ ನರಸೀಪುರದ ಕಡೆಗೆ ಸಾಗಿದರೆ ಎಡಕ್ಕೊಂದು ಮಣ್ಣಿನ ದಾರಿ. ಎರಡೂ ಬದಿಗೆ ಹಿಪ್ಪುನೇರಳೆ. ಅದರ ಕೊನೆಗೆ ಸೋಮಶೇಖರನ ತೋಟದ ಮನೆ, ಮನೆಯ ಹಿಂದೆ ಉದ್ದನೆಯ ಹುಳುಮನೆ. ಗೇಟಿನ ಒಳಗೆ ಕಾಲಿಡುವ ಜಾಗದಲ್ಲೇ ಸುಣ್ಣ, ಬ್ಲೀಚಿಂಗ್ ಪೌಡರ್ ಕಲಸಿದ ತಟ್ಟೆ ಇಟ್ಟಿತ್ತು. ವಿಶಾಲಮ್ಮನ ಮೂಗು ಮೊದಲು ಅರಳಿತು, ಕಣ್ಣು ಆಮೇಲೆ.

"ಯಾರವ್ವಾ? ಕಾಲ್ನ ಅದ್ರೊಳಕ್ಕೆ ಮಡ್ಗಿ ಬಾ. ಚಪ್ಪಲಿ ಸಮೇತ!"

ಹಣೆ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಪಕ್ಕದಲ್ಲಿ ಒಂದು ಬಕೆಟ್ಟು. ಮಲ್ಲಾಜಮ್ಮ ಜಗಲಿಯಿಂದಲೇ ಆಜ್ಞೆ ಮಾಡಿದಳು. ವಿಶಾಲಮ್ಮ ಚಪ್ಪಲಿ ಅದ್ದಿ ಬಂದು, ರಮ್ಯ ಕಳಿಸಿದಳು ಎಂದು ಬ್ಯಾಗು ತೋರಿಸಿದಳು.

"ಏನು? ಜೋರಾಗಿ ಯೋಳವ್ವ, ಕಿವಿ ಮಂದ."

"ರಮ್ಯನ ಲ್ಯಾಪ್‌ಟಾಪು! ರಿಪೇರಿ ಆಗಿದೆ!"

"ಅಂಗನ್ನು. ಕೊಡಿಲ್ಲಿ, ಅಂಗೇ ಒಳಕ್ಕೆ ತಕ್ಕೊಂಡೋಗ್ಬ್ಯಾಡ. ಉಳ ಮೂರ್ನೇ ಜ್ವರಕ್ಕೋಗವೆ."

ಜ್ವರವೆಂದರೆ ಹುಳು ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚುವ ಹೊತ್ತು. ರೋಗ ತಗುಲಿದರೆ ಆಗಲೇ ತಗುಲಬೇಕು. ಮಗ ಸತ್ತ ಮನೆಯಲ್ಲಿ ಇಷ್ಟು ಬೇಗ ಮತ್ತೆ ಹುಳು ಕಟ್ಟಿದ್ದಾರಲ್ಲ ಎಂಬ ಪ್ರಶ್ನೆ ವಿಶಾಲಮ್ಮನ ಮುಖದಲ್ಲೇ ಕಂಡಿತೇನೋ, ಮುದುಕಿ ಅದಕ್ಕೂ ಉತ್ತರ ಕೊಟ್ಟಳು.

"ನಮ್ಗೆ ಸಂಕಟ ಅಂತವ ಸೊಪ್ಪು ಬೆಳೆಯೋದು ನಿಂತದಾ ಕಣವ್ವ? ಮಾದೇವನೇ ಉಳಕ್ಕೆ ಯೋಳಿ ಮಡ್ಗಿದ್ದ. ಬಂದೋ. ಏನ್ ಮಾಡೀಯೆ."

ಹೀಗೆನ್ನುತ್ತಲೇ ಅವಳು ಬಕೆಟ್ಟಿಗೆ ಬಟ್ಟೆ ಅದ್ದಿದಳು. ಹಿಂಡಿದಂತೆ ಮಾಡಿದಳು, ಹಿಂಡಲಿಲ್ಲ. ತೊಟ್ಟಿಕ್ಕುವ ಬಟ್ಟೆಯಿಂದ ಲ್ಯಾಪ್‌ಟಾಪಿನ ಮೇಲೆ ಒರೆಸಿದಳು, ಮುಚ್ಚಳ ತೆರೆದು ಕೀಲಿಗಳ ಮೇಲೆ ಒರೆಸಿದಳು, ಮಗುವಿಗೆ ಕುಂಡೆ ತೊಳೆಯುವವರ ಹಾಗೆ ಓರೆ ಹಿಡಿದು ಕೆಳಗಿನ ಗಾಳಿ ಸಂದುಗಳಿಗೂ ಒತ್ತಿ ಒರೆಸಿದಳು. ನೀರು ಸಂದಿನಲ್ಲಿ ಇಳಿದು ಹೋಯಿತು. ಬ್ಲೀಚಿಂಗ್ ವಾಸನೆ ಗಮ್ಮೆಂದಿತು.

"ಅಮ್ಮ, ಇದನ್ನ ಯಾವಾಗ್ಲೂ ಹಿಂಗೇ ಒರೆಸ್ತೀರಾ?"

"ಒರಗಿಂದ ಬಂದಾಗ್ಲೆಲ್ಲ. ರಮ್ಯ ಕಾಲೇಜಿಗೆ ತಕ್ಕೊಂಡೋಗ್ತಿತ್ತು, ಆ ರಿಪೇರಿ ಅಂಗ್ಡಿಗೆ ಬ್ಯಾರೆ ಓಗ್ತಿತ್ತು. ಯಾವ್ ಯಾವ್ ಊರ ಧೂಳೋ. ಓದ್ ವರ್ಷ ಸುಣ್ಣಕಟ್ಟು ರೋಗ ಬಂದು ಅಷ್ಟೂ ಉಳ ಕಲ್ಲಾಗೋದ್ವು ಕಣವ್ವ. ಅವತ್ತಿಂದ ನಾನು ಒರಗಿನ ಸಾಮಾನು ಯಾವ್ದುನ್ನೂ ಬುಟ್ಟಿಲ್ಲ. ಮಾದೇವನ ಬೈಕ್ ಕೀಲೀನೂ ಒರೆಸ್ತಿದ್ದೆ."

ಯಾವ ಪಾತಕಿ ಎಂದು ವಿಶಾಲಮ್ಮ ತಲೆ ಕೆಡಿಸಿಕೊಂಡಿದ್ದಳೋ, ಆ ಪಾತಕಿ ಒದ್ದೆ ಬಟ್ಟೆ ಹಿಡಿದು ಎದುರಿಗೇ ಕೂತಿದ್ದಳು. ರಿಪೇರಿಗೆ ಹೋದಾಗೆಲ್ಲ ಲ್ಯಾಪ್‌ಟಾಪ್ 'ಹೊರಗಿನ ಸಾಮಾನು' ಆಗುತ್ತಿತ್ತು; ವಾಸಿಯಾಗಿ ಬಂದದ್ದನ್ನು ಮುದುಕಿ ಮಡಿ ಮಾಡಿ ಮತ್ತೆ ಮಲಗಿಸುತ್ತಿದ್ದಳು. ಹುಳು ಸಾಕುವ ಮನೆಯಲ್ಲಿ ಬಿಟ್ಟು ಲೋಕದಲ್ಲಿ ಇನ್ನೆಲ್ಲಿ ನಡೆದೀತು ಈ ಚಿಕಿತ್ಸೆ? ವಿಶಾಲಮ್ಮನಿಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು.

ತುಕ್ಕಿಗೆ ಆಸಾಮಿ ಸಿಕ್ಕಾಯಿತು. ಇನ್ನು ಏಟಿನದು.

ಸೋಮಶೇಖರ ಹುಳುಮನೆ ಕಡೆಯಿಂದ ಬಂದ. ನಲವತ್ತೈದರ ಆಸುಪಾಸಿನ ಗಟ್ಟಿ ಆಳು, ಅಂಗಿಯ ಮೇಲೆ ಸೊಪ್ಪಿನ ಕಲೆ. ವಿಶಾಲಮ್ಮನನ್ನು ಕಂಡದ್ದೇ ಅವನ ನಡಿಗೆ ನಿಧಾನವಾಯಿತು. ಹಿಂದೆಯೂ ಒಮ್ಮೆ ಬಂದು ಪ್ರಶ್ನೆ ಕೇಳಿ ಹೋಗಿದ್ದವಳು ಇವಳು.

"ಏನ್ ಮೇಡಂ, ಇಷ್ಟು ದೂರ?"

"ಏನಿಲ್ಲ. ರಮ್ಯ ಇದನ್ನ ಕೊಟ್ಟು ಬನ್ನಿ ಅಂದಳು. ಪೂರ್ತಿ ಸರಿಯಾಗಿದೆ ಅಂತೆ."

ಅವನು ಲ್ಯಾಪ್‌ಟಾಪ್ ತೆಗೆದುಕೊಂಡ. ಎರಡು ಕೈಯಲ್ಲಿ ಹಿಡಿದ. ಮಗುಚಿ, ಕೆಳಭಾಗದ ಮೂಲೆಯ ಸ್ಕ್ರೂ ಮೇಲೆ ಹೆಬ್ಬೆರಳು ಆಡಿಸಿದ. ಅಲ್ಲಿ ದಪ್ಪಗೆ ಇಟ್ಟಿದ್ದ ಕೆಂಪು ಚುಕ್ಕಿ ಇನ್ನೂ ಪೂರ್ತಿ ಒಣಗಿರಲಿಲ್ಲ, ಬೆರಳಿಗೆ ಅಂಟಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ವಿಶಾಲಮ್ಮ ಕಳ್ಳ ಎಂದೂ ಅಂದಿರಲಿಲ್ಲ.

"ಸ್ವಲ್ಪ ಸೊಪ್ಪಿನ ಕೋಣೆ ಕಡೆ ಬನ್ನಿ ಸೋಮಶೇಖರ್," ಎಂದಳು ಮೆಲ್ಲಗೆ. "ಅಮ್ಮಂಗೆ ಕಿವಿ ಮಂದ ಇದ್ರೂ ಕಣ್ಣು ಚುರುಕಾಗಿದೆ."

ಸೊಪ್ಪಿನ ಕೋಣೆ ತಂಪಾಗಿತ್ತು. ಕೊಯ್ದ ಹಿಪ್ಪುನೇರಳೆ ಬಾಡದಿರಲೆಂದು ನಾಲ್ಕೂ ಕಡೆ ಒದ್ದೆ ಗೋಣಿ ಕಟ್ಟಿದ್ದರು. ಇದೇ ಕೋಣೆಯಲ್ಲಿ ಬೀಡಿ ಸೇದುತ್ತಿದ್ದನೆಂದು, ಸಾಯುವುದಕ್ಕೆ ಒಂದು ವಾರ ಮೊದಲು ಮಹದೇವ ಚೆಲುವಯ್ಯನ ಕೆನ್ನೆಗೆ ಕೂಲಿಯವರೆಲ್ಲರ ಎದುರು ಬಾರಿಸಿದ್ದ. ತಂಬಾಕಿನ ಸೋಂಕಿದ ಸೊಪ್ಪು ತಿಂದರೆ ಹುಳು ಸಾಯುತ್ತದೆ. ಆ ಒಂದು ಕೆನ್ನೆಯ ಏಟೇ ಕೇಸಿನಲ್ಲಿ ಕೊಲೆಗೆ ಕಾರಣವಾಗಿ ಕೂತಿತ್ತು.

"ರಿಪೇರಿ ಆದ ಲ್ಯಾಪ್‌ಟಾಪ್ ಕೈಗೆ ಬಂದ್ರೆ ಯಾರಾದ್ರೂ ಮುಚ್ಚಳ ತೆಗೆದು ನೋಡ್ತಾರೆ. ನೀವು ಹೊಟ್ಟೆ ನೋಡಿದ್ರಿ."

"ಸುಮ್ಮನೆ... ಅವ್ವ ನೀರು ಗೀರು ಬಿಟ್ಟಿದಾಳೇನೋ ಅಂತ."

"ನೀರು ಸ್ಕ್ರೂನಲ್ಲಿ ಇರ್ತದಾ?"

ಸೋಮಶೇಖರ ಗೋಣಿಯ ಅಂಚು ಕೀಳತೊಡಗಿದ.

"ಒಂದು ವಿಷ್ಯ ಹೇಳಿಬಿಡ್ತೀನಿ," ಎಂದಳು ವಿಶಾಲಮ್ಮ. "ನಿಮ್ಮ ಕೈಲಿರೋದರಲ್ಲಿ ಖಾಲಿ ಡಿಸ್ಕಿದೆ. ನೀವು ಕುಟ್ಟಿದ್ರಲ್ಲ, ಆ ಡಿಸ್ಕು ನಂಜನಗೂಡಲ್ಲಿ ಓಡ್ತಾ ಇದೆ. ಸಾಯೋಷ್ಟು ಏಟು ಬಿದ್ದಿಲ್ಲ ಅದಕ್ಕೆ."

ಅವನ ಮುಖ ನೋಡನೋಡುತ್ತಿದ್ದಂತೆ ಬಿಳಿಚಿಕೊಂಡಿತು. ಕೋಪ ಬರುತ್ತದೆ ಎಂದುಕೊಂಡಿದ್ದಳು ವಿಶಾಲಮ್ಮ. ಅದರ ಬದಲು ಅವನು ಸೊಪ್ಪಿನ ರಾಶಿಯ ಪಕ್ಕ ಕುಸಿದು ಕೂತ.

"ನಿಲ್ಸೋಕೆ ಹೇಳಿ ಮೇಡಂ. ಕೈ ಮುಗೀತೀನಿ. ಅದನ್ನ ಯಾರೂ ನೋಡಬಾರದು."

"ತಮ್ಮನ್ನ ಒಳಗೆ ಹಾಕಿ ಚಿಲಕ ಎಳೆದೋರು ನೀವೇನಾ?"

"ನಾನಾಗಿದ್ರೆ ಅವತ್ತೇ ಹೇಳ್ಬಿಡ್ತಿದ್ದೆ. ನೆಮ್ಮದಿಯಾಗಿ ಜೈಲಿಗೆ ಹೋಗ್ತಿದ್ದೆ." ಅವನು ಗೋಣಿಯ ಸಂದಿನಿಂದ ಅಂಗಳದ ಕಡೆ ನೋಡಿದ. "ಅವ್ವ ಮೇಡಂ. ಚಿಲಕ ಹಾಕಿದ್ದು ನಮ್ಮವ್ವ."

ವಿಶಾಲಮ್ಮ ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಸಂಜೆ ಆದ್ರೆ ಅವ್ವ ಒಂದು ಸುತ್ತು ಬರ್ತಾಳೆ. ಕೊಟ್ಟಿಗೆ ಬಾಗಿಲು, ಕೋಳಿ ಗೂಡು, ಎಲ್ಲ ಹಾಕ್ಕೊಂಡು ಬರ್ತಾಳೆ. ಅವತ್ತು ಹುಳುಮನೆಗೆ ಔಷಧಿ ಹೊಡೆದಿತ್ತು. ಮಾದೇವ ಥರ್ಮಾಮೀಟರ್ ಒಳಗೆ ಬಿಟ್ಟಿದ್ದ ಅಂತ ಕಾಣ್ತದೆ, ಮೂಗಿಗೆ ಬಟ್ಟೆ ಕಟ್ಕೊಂಡು ಒಳಕ್ಕೆ ಹೋದ. ಹಿಂದೆಯೇ ಅವ್ವ ಬಂದ್ಲು. ಬಾಗಿಲು ತೆರೆದಿದೆ, ಔಷಧಿ ವಾಸನೆ ಹೊರಗೆ ಹೋಗ್ತದೆ ಅಂದ್ಕೊಂಡು ಎಳೆದು ಚಿಲಕ ಹಾಕಿದ್ಲು. ಬೋರ್‌ವೆಲ್ ಮೋಟಾರು ಓಡ್ತಾ ಇತ್ತು. ಅವನು ಎಷ್ಟು ಬಡ್ಕೊಂಡ್ನೋ ಏನೋ. ಇವಳಿಗೆ ಕಿವಿ..."

ಅವನು ತನ್ನ ಕಿವಿ ಮುಟ್ಟಿ ತೋರಿಸಿದ.

"ರಾತ್ರಿಯೆಲ್ಲ ಹುಡುಕಲಿಲ್ವಾ?"

"ಹೇಳಿಟ್ಟಿದ್ದ ಚಾಕಿ ಮರಿಹುಳ ನೋಡಿ ಬರೋಕೆ ಕೊಳ್ಳೇಗಾಲದ ಕಡೆ ಹೋಗ್ತೀನಿ, ಬೆಳಿಗ್ಗೆ ಬತ್ತೀನಿ ಅಂದಿದ್ದ. ಹೋಗಿದಾನೆ ಅಂದ್ಕೊಂಡ್ವಿ. ಬೈಕು, ಫೋನು ಎಲ್ಲ ಹುಳುಮನೆ ಹಿಂದೇನೇ ಇತ್ತು. ಔಷಧಿ ಹೊಡೆದ ದಿನ ಆ ಕಡೆ ಯಾರು ಹೋಗ್ತಾರೆ?"

"ರೆಕಾರ್ಡಿಂಗ್ ಯಾವಾಗ ನೋಡಿದ್ರಿ?"

"ಮಣ್ಣು ಮಾಡಿ ಬಂದ ದಿನ. ಅದೃಷ್ಟಕ್ಕೋ ದುರದೃಷ್ಟಕ್ಕೋ ಅವತ್ತು ಆನ್ ಆಯ್ತು. ಅವ್ವ ಬಂದ್ಲು, ಚಿಲಕ ಹಾಕಿದ್ಲು, ಸೆರಗಲ್ಲಿ ಕೈ ಒರೆಸ್ಕೊಂಡು ಹೋದ್ಲು. ಅಲ್ಲಿಗೇ ಮುಚ್ಚಿಟ್ಟೆ. ಮುಂದೆ ನೋಡೋ ಧೈರ್ಯ ಬರ್ಲಿಲ್ಲ. ಡಿಸ್ಕ್ ತೆಗೆದು ಒರಳು ಕಲ್ಲಿಗೆ ಕುಟ್ಟಿದೆ, ಒಂದು ಏಟು. ಇನ್ನೊಂದು ಏಟು ಹೊಡೆಯೋಕೆ ಕೈ ಏಳಲಿಲ್ಲ. ಅವನ ಮದುವೆ ಫೋಟೋ, ವಿಡಿಯೋ ಎಲ್ಲ ಅದರಲ್ಲೇ ಇದೆ ಮೇಡಂ. ತಮ್ಮ ನಗೋದು ಅದರಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ಮತ್ತೆ ಅಲ್ಲೇ ಸಿಕ್ಕಿಸಿಟ್ಟೆ. ಮಾರನೇ ದಿನ ರಮ್ಯ ಎತ್ಕೊಂಡು ಹೋದ್ಲು."

ವಿಶಾಲಮ್ಮನಿಗೆ ಅವನ ಮೇಲೆ ಅಯ್ಯೋ ಅನ್ನಿಸಿತು. ಅದು ಬಹಳ ಹೊತ್ತು ಉಳಿಯಲಿಲ್ಲ.

"ಮತ್ತೆ ಚೆಲುವಯ್ಯ?"

"ಚಿಲಕ ಹಾಕೋದು ಯಾರ ಕೆಲಸ ಅಂತ ಪೊಲೀಸ್ನೋರು ಕೇಳಿದ್ರು. ಚೆಲುವಯ್ಯನ ಕೆಲಸ ಅಂದೆ. ಅದು ಸುಳ್ಳಲ್ಲ ಮೇಡಂ. ಔಷಧಿ ಹೊಡೆದೋನೇ ಬಾಗಿಲು ಹಾಕೋದು."

"ಕೆನ್ನೆ ಏಟಿನ ವಿಷ್ಯಾನೂ ನೀವೇ ಹೇಳಿದ್ದು."

"ಕೇಳಿದ್ರು. ಹೇಳ್ದೆ."

"ಬಾಯಲ್ಲಿ ಒಂದು ಸುಳ್ಳೂ ಆಡದೆ ಒಬ್ಬನ ಕುತ್ತಿಗೆಗೆ ಹಗ್ಗ ಹಾಕಿದೀರಿ. ಇಪ್ಪತ್ತು ವರ್ಷ ನಿಮ್ಮ ಮನೆ ಹುಳಕ್ಕೆ ಸೊಪ್ಪು ಹಾಕಿದೋನು ಅವನು. ನಿಮಗೆ ನಿಮ್ಮವ್ವ ಎಷ್ಟೋ ಆ ಹುಡುಗಿಗೆ ಅವಳಪ್ಪ ಅಷ್ಟೇ ಅಲ್ವೇನ್ರೀ?"

"ಅವ್ವಂಗೆ ಗೊತ್ತಾದ್ರೆ ಒಂದು ದಿನ ಉಳಿಯಲ್ಲ ಮೇಡಂ! ಹೆತ್ತ ಮಗನ್ನ ಕೈಯಾರೆ..." ಅವನು ಮುಖ ಮುಚ್ಚಿಕೊಂಡ. "ಚೆಲುವಯ್ಯಂಗೆ ದೊಡ್ಡ ವಕೀಲರನ್ನ ಇಡ್ತೀನಿ. ಆ ಹುಡುಗಿ ಮದುವೆ ಮಾಡಿಸ್ತೀನಿ. ಇದೊಂದು ಬಿಟ್ಟು ಏನು ಬೇಕಾದ್ರೂ ಕೇಳಿ."

"ಇದೊಂದೇ ಬೇಕು. ನಾಳೆ ಕೋರ್ಟು ಶುರುವಾಗೋ ಮುಂಚೆ ವಕೀಲರ ಹತ್ರ ಬಂದು ಇದನ್ನೇ ಹೇಳ್ತೀರಿ. ಅವ್ವಂಗೆ ಹೇಳೋದೂ ನೀವೇ, ಇವತ್ತೇ. ಬೇರೆಯವರ ಬಾಯಿಂದ ಆ ತಾಯಿ ಕೇಳಬಾರದು. ಬೇಕಂತ ಮಾಡಿದ್ದಲ್ಲ, ಕಾನೂನಿಗೂ ಕಣ್ಣಿದೆ."

ಸೋಮಶೇಖರ ಮುಖದಿಂದ ಕೈ ತೆಗೆದ. ಆಮೇಲೆ ತಲೆಯಾಡಿಸಿದ. ಒಪ್ಪಿದನೋ ಸೋತನೋ, ಎರಡೂ ಒಂದೇ ಥರ ಕಾಣುತ್ತಿತ್ತು.

"ಬನ್ರವ್ವೋ, ಕಾಪಿ ಆರೋಯ್ತದೆ!" ಎಂದು ಮಲ್ಲಾಜಮ್ಮ ಅಂಗಳದಿಂದ ಕೂಗಿದಳು. "ಆ ಅಮ್ಮಂಗೆ ಸಕ್ರೆ ಆಕ್ಲಾ ಬ್ಯಾಡ್ವಾ ಕೇಳ್ಲಾ ಸೋಮ!"

ಆ ಕೂಗು ಕೇಳಿ ವಿಶಾಲಮ್ಮ ಮುಖ ತಿರುಗಿಸಿದಳು. ಆದರೂ, ಎಷ್ಟೋ ದಿನದ ಮೇಲೆ ಹೊರೆ ಇಳಿದ ಹಾಗಿತ್ತು. ತುಕ್ಕೂ ತಿಳಿಯಿತು, ಏಟೂ ತಿಳಿಯಿತು, ಚಿಲಕವೂ ತಿಳಿಯಿತು. ಚೆಲುವಯ್ಯ ಮನೆಗೆ ಬರುತ್ತಾನೆ. ತಾನು ನಂಬಿದ್ದು ಸುಳ್ಳಾಗಲಿಲ್ಲ ಎಂದು ಅವಳಿಗೆ ಸಣ್ಣ ಹೆಮ್ಮೆಯೂ ಆಯಿತು.

ಫೋನು ಬಡಿದುಕೊಂಡಿತು. ಪಲ್ಲವಿ.

"ಪಲ್ಲವಿ, ಕೇಳಿಲ್ಲಿ, ನಿಮ್ಮಪ್ಪ..."

"ನೋಡ್ದೆ ಮೇಡಂ."

ಆ ದನಿ ಕೇಳಿ ವಿಶಾಲಮ್ಮ ಕಿವಿಗೆ ಫೋನು ಒತ್ತಿ ಹಿಡಿದಳು. "ಏನ್ ನೋಡ್ದೆ? ಮಲ್ಲಾಜಮ್ಮ ಚಿಲಕ ಹಾಕೋದು ತಾನೇ?"

"ಅದ್ನೂ ನೋಡ್ದೆ, ಡಿಸ್ಕಿಂದಾನೇ ಓಡ್ಸಿ. ಕುಣಿಯಂಗಾಯ್ತು ನಂಗೆ. ಅಮೃತೇಶಣ್ಣ ಆಫ್ ಮಾಡ್ತೀನಿ ಅಂದ್ರು, ಇರ್ಲಿ ಪೂರ್ತಿ ಓಡ್ಲಿ ಅಂದೆ. ನಾನೇ ಅಂದೆ ಮೇಡಂ." ಅವಳ ಉಸಿರು ಕೇಳಿಸುತ್ತಿತ್ತು. ಹಿಂದೆ ಯಾವುದೋ ಲಾರಿ ಹಾದು ಹೋಯಿತು. "ಅಜ್ಜಿ ಓದ್ಮೇಲೆ ನಮ್ಮಪ್ಪ ಬಂದವ್ರೆ."

"ಯಾರು?"

"ನಮ್ಮಪ್ಪ. ವಾಪಸ್ ಬಂದವ್ರೆ. ಟವಲ್ ಮರೆತಿದ್ರು ಅಂತ ಕಾಣ್ತದೆ, ಗೋಡೆ ಮೇಲಿಂದ ತಕ್ಕಂಡ್ರು. ಆಮೇಲೆ ಬಾಗ್ಲ ಕಡೆ ತಿರುಗಿದ್ರು. ಕಿವಿ ಇಟ್ಟು ಕೇಳಿಸ್ಕಂಡ್ರು. ಚಿಲಕ ತೆಗೆದ್ರು ಮೇಡಂ. ಬಾಗ್ಲು ಸ್ವಲ್ಪ ತೆಗೀತು. ಒಳಗಿಂದ ಒಂದು ಕೈ ಬಂತು, ಬಾಗ್ಲು ಅಂಚು ಇಡ್ಕಂತು."

"ಆಮೇಲೆ?"

"ಆಮೇಲೆ ಎರರ್ ಬಂತು. ಏಟು ಬಿದ್ದಿರೋದು ಅಲ್ಲೇನಂತೆ. ಅಮೃತೇಶಣ್ಣ ಆ ತುಂಡು ದಾಟ್ಸಿ ಮುಂದಕ್ಕೆ ಓದುಸ್ದ್ರು. ಅಲ್ಲಿ ಬಾಗ್ಲು ಮುಚ್ಚದೆ. ಚಿಲಕ ಆಕದೆ. ಅಪ್ಪ ಇಲ್ಲ."

ಬಸ್ಸಿಗೆ ಹೋದೆ, ಆ ಕಡೆ ತಲೇನೂ ಹಾಕ್ಲಿಲ್ಲ ಎಂದಿದ್ದ ಚೆಲುವಯ್ಯ. ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದ್ದ. ವಿಶಾಲಮ್ಮ ಗೋಣಿಯ ಗೂಟ ಹಿಡಿದುಕೊಂಡಳು.

"ಅಮೃತೇಶನಿಗೆ ಫೋನ್ ಕೊಡು."

"ಅವ್ರು ಇಲ್ಲ. ಬ್ಯಾರೆ ಮಿಷನ್ನಲ್ಲಿ ಇನ್ನೊಂದೇ ಒಂದು ಸಲ ಓದ್ಸಿದ್ರೆ ಆ ತುಂಡು ಸಿಕ್ರೂ ಸಿಗಬೌದು, ಸಿಗದಿದ್ರೆ ಯಾವತ್ತಿಗೂ ಇಲ್ಲ ಅಂದ್ರು. ಆ ಮಿಷನ್ ತರೋಕೋದ್ರು. ಕಾಪಿ ಅರ್ಧಕ್ಕೇ ನಿಂತದೆ, ಅದ್ರಲ್ಲಿ ಏನೂ ಓಪನ್ ಆಗಲ್ಲ. ಡಿಸ್ಕಲ್ಲಿರೋದೊಂದೇ."

"ನೀನು ಎಲ್ಲಿದೀಯ?"

"ಸೇತುವೆ ಮೇಲೆ."

"ಡಿಸ್ಕು?"

"ಕೈಲದೆ."

ಸೋಮಶೇಖರ ಎದ್ದು ನಿಂತಿದ್ದ. ಒದ್ದೆ ಗೋಣಿಗಳ ಆ ಮೌನದಲ್ಲಿ ಹುಡುಗಿಯ ಒಂದೊಂದು ಮಾತೂ ಅವನಿಗೆ ಕೇಳಿಸಿತ್ತು. ಅವನು ಹತ್ತಿರ ಬಂದು ಎರಡೂ ಕೈ ಜೋಡಿಸಿದ. "ನೀರಿಗೆ ಬಿಡು ಅನ್ನಿ ಮೇಡಂ," ಎಂದ ಪಿಸುದನಿಯಲ್ಲಿ. "ಒಂದು ಮಾತು. ಅವ್ವ, ಚೆಲುವಯ್ಯ, ಇಬ್ಬರೂ ಉಳ್ಕೋತಾರೆ."

ಉಳಿಯುವುದಿಲ್ಲವೆಂದು ವಿಶಾಲಮ್ಮನಿಗೆ ಗೊತ್ತಿತ್ತು. ಡಿಸ್ಕು ನೀರುಪಾಲಾದರೆ ಈಗಷ್ಟೇ ತಲೆಯಾಡಿಸಿದವನು ನಾಳೆ ತಲೆ ತಿರುಗಿಸುತ್ತಾನೆ, ಚೆಲುವಯ್ಯ ಒಳಗೇ ಕೊಳೆಯುತ್ತಾನೆ. ಉಳಿದರೆ, ಆ ತುಂಡಿನಲ್ಲಿ ಚೆಲುವಯ್ಯನ ಕೈ ಏನು ಮಾಡಿತೋ, ಆ ಶಿವನಿಗೇ ಗೊತ್ತು.

"ಪಲ್ಲವಿ, ದುಡುಕಬೇಡ ಕಣಮ್ಮ. ಕಾಣದ ಆ ತುಂಡಲ್ಲಿ ನಿಮ್ಮಪ್ಪ ಮಹದೇವನ್ನ ಹೊರಗೆ ಎಳ್ಕೊಳ್ಳೋಕೆ ನೋಡಿರಬಹುದು. ಬೇರೆ ಯಾರಾದ್ರೂ ಬಂದಿರಬಹುದು."

"ಬಾಗ್ಲು ತೆಗೆದು ಎಳ್ಕಂಡಿದ್ರೆ ಸಣ್ ಯಜಮಾನ್ರು ಬದುಕಿರ್ತಿದ್ರು, ಅಲ್ವಾ ಮೇಡಂ?"

ವಿಶಾಲಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಕೆಳಗೆ ಕಪಿಲೆ ತುಂಬಿ ಓಯ್ತಾವಳೆ," ಎಂದಳು ಪಲ್ಲವಿ. "ನೀವು ಅಪ್ಪ ಬತ್ತಾರೆ ಅಂದ್ರಿ. ಅದ್ಕೇ ನಿಮ್ಮನ್ನೇ ಕೇಳ್ತೀನಿ. ಬುಡ್ಲಾ ಮೇಡಂ?"